ಅವಸರವಿಲ್ಲದೆ ಫ್ರಾನ್ಸಿನ ಹಳ್ಳಿಗಾಡು: ಮೋಟಾರ್‌ಹೋಮ್ ಪ್ರವಾಸಕ್ಕೆ ಸಮಗ್ರ ಮಾರ್ಗದರ್ಶಿ

ಮೋಟಾರ್‌ಹೋಮ್ ಪ್ರವಾಸದ ವೇಳಾಪಟ್ಟಿಯನ್ನು ನೀರಿನ ಟ್ಯಾಂಕ್ ನೋಡಿಕೊಂಡು ಬರೆಯಬೇಕು: ಹಾಸಿಗೆ, ಅಡುಗೆಮನೆ, ಶೌಚಾಲಯ ಎಲ್ಲ ಗಾಡಿಯೊಳಗೇ ಇರುತ್ತದೆ. ಬಾಡಿಗೆಗೆ ಸಿಗುವ ಸಾಮಾನ್ಯ ಗಾಡಿಯಲ್ಲಿ ಒಳ್ಳೆಯ ನೀರಿಗೆ 100ರಿಂದ 120 ಲೀಟರ್, ಬಳಸಿದ ನೀರಿಗೆ 90ರಿಂದ 100 ಲೀಟರ್ ಜಾಗವಿರುತ್ತದೆ. ಶೌಚದ ಕ್ಯಾಸೆಟ್ಟಿಗೆ, ಅಂದರೆ ಶೌಚಾಲಯದ ಕೆಳಗಿನ ಎಳೆದು ತೆಗೆಯುವ ತೊಟ್ಟಿಗೆ, 18 ಲೀಟರ್ ಆಸುಪಾಸು. ಇಬ್ಬರಿದ್ದರೆ ನೀರು ಎರಡು ಮೂರು ದಿನ ಬರುತ್ತದೆ, ಕ್ಯಾಸೆಟ್ ಎರಡು ದಿನ. ನಾಲ್ವರಿದ್ದರೆ ದಿನಕ್ಕೊಮ್ಮೆ ಕ್ಯಾಸೆಟ್ ಖಾಲಿ ಮಾಡುವುದು ತಪ್ಪದು. ಹಾಗಾಗಿ ಎರಡನೇ ಅಥವಾ ಮೂರನೇ ದಿನಕ್ಕೊಮ್ಮೆ ನೀರು ತುಂಬಿ ಕೊಳೆ ಸುರಿಯುವ ಜಾಗ ದಾರಿಯಲ್ಲಿ ಇರಲೇಬೇಕು. ಮೊದಲು ಆ ಜಾಗಗಳನ್ನು ನಕ್ಷೆಯಲ್ಲಿ ಗುರುತಿಸಿ, ಕೋಟೆ, ಗುಹೆ, ಸಂತೆಗಳನ್ನು ಆಮೇಲೆ ನಡುವೆ ಸೇರಿಸಿದರೆ ಪ್ರವಾಸ ತಾನಾಗಿ ನಿಧಾನವಾಗುತ್ತದೆ. ನೋಡುವ ಜಾಗಗಳನ್ನು ಮೊದಲು ಬರೆದುಕೊಂಡವರು ನಾಲ್ಕನೇ ದಿನ ತುಂಬಿದ ಕ್ಯಾಸೆಟ್ ಇಟ್ಟುಕೊಂಡು ಊರೂರು ಅಲೆಯುತ್ತಾರೆ.

ಈ ಬರಹ ನೈಋತ್ಯ ಫ್ರಾನ್ಸಿನ ಒಂದು ಸುತ್ತನ್ನು ಹಿಡಿದು ಹೊರಟಿದೆ: ತುಲೂಸ್‌ನಿಂದ ಹೊರಟು ತಾರ್ನ್, ಅವೆರೊನ್, ಲೊತ್, ದೊರ್ದೊನ್ಯ್ ನದಿಗಳ ಕಣಿವೆಗಳನ್ನು ಹಾಯ್ದು ಮತ್ತೆ ತುಲೂಸ್‌ಗೆ. ಒಟ್ಟು ದೂರ ಸುಮಾರು 700 ಕಿ.ಮೀ., ಸಮಯ ಮೂರು ವಾರ. ದಿನಕ್ಕೆ ಸರಾಸರಿ 35 ಕಿ.ಮೀ. ಕೂಡ ಆಗುವುದಿಲ್ಲ. ಕೇಳಿದವರಿಗೆ ಇದು ತೀರಾ ಕಡಿಮೆ ಎನಿಸಬಹುದು. ಆದರೆ ಬೆಟ್ಟದ ತಿರುವುಗಳಲ್ಲಿ ಏಳು ಮೀಟರ್ ಉದ್ದದ ಗಾಡಿ ಗಂಟೆಗೆ 40-45 ಕಿ.ಮೀ. ಮೇಲೆ ಹೋಗುವುದಿಲ್ಲ. 80 ಕಿ.ಮೀ. ಎಂದರೆ ಅರ್ಧ ದಿನ ಹೋಯಿತು.

ಯಾವಾಗ ಹೋಗಬೇಕು

ಮೇ ಮಧ್ಯದಿಂದ ಜೂನ್ ಕೊನೆಯವರೆಗೆ, ಇಲ್ಲವೇ ಸೆಪ್ಟೆಂಬರ್. ಫ್ರಾನ್ಸಿನ ಶಾಲೆಗಳಿಗೆ ಜುಲೈ ಮೊದಲ ವಾರದಿಂದ ಆಗಸ್ಟ್ ಕೊನೆಯವರೆಗೆ ರಜೆ. ಆಗ ಬಾಡಿಗೆ ಏರುತ್ತದೆ, ನದಿ ದಂಡೆಯ ಜಾಗಗಳು ಮಧ್ಯಾಹ್ನದೊಳಗೆ ತುಂಬುತ್ತವೆ, ಗಾಡಿಯೊಳಗೆ ಸೆಕೆ ತಡೆಯಲಾಗುವುದಿಲ್ಲ. ಮೇ ತಿಂಗಳಲ್ಲಿ 1 ಮತ್ತು 8ನೇ ತಾರೀಖು ಸರಕಾರಿ ರಜೆ. ಈಸ್ಟರ್ ಆದ 39ನೇ ದಿನ ಬರುವ ಅಸೆನ್ಶನ್ ಹಬ್ಬ ಗುರುವಾರವಾದ್ದರಿಂದ ಜನ ಶುಕ್ರವಾರವನ್ನೂ ಸೇರಿಸಿ ನಾಲ್ಕು ದಿನ ಹೊರಡುತ್ತಾರೆ. ಆ ವಾರಾಂತ್ಯಕ್ಕೆ ಮಾತ್ರ ಮುಂಗಡ ಕಾದಿರಿಸಿ. ಅಕ್ಟೋಬರ್ ಚೆನ್ನಾಗಿಯೇ ಇರುತ್ತದೆ, ಆದರೆ ಊರಾಡಳಿತ ನಡೆಸುವ ಬಹಳಷ್ಟು ಕ್ಯಾಂಪಿಂಗ್‌ಗಳು (ಬಿಡಾರ ಹೂಡುವ ಮೈದಾನಗಳು) ಸೆಪ್ಟೆಂಬರ್ ಕೊನೆಗೇ ಬಾಗಿಲು ಹಾಕಿರುತ್ತವೆ. ಚಳಿಗಾಲದಲ್ಲಿ ಹೆಪ್ಪುಗಟ್ಟುವ ಭಯಕ್ಕೆ ಅನೇಕ ಕಡೆ ನಲ್ಲಿಗಳನ್ನೇ ಬಂದ್ ಮಾಡುತ್ತಾರೆ.

ಕಾಗದಪತ್ರ

ಕರ್ನಾಟಕದಿಂದ ಹೋಗುವವರು ಬೆಂಗಳೂರಿನ ವಿಎಫ್‌ಎಸ್ ಕೇಂದ್ರದಲ್ಲಿ ಶೆಂಗೆನ್ ವೀಸಾಕ್ಕೆ ಅರ್ಜಿ ಹಾಕಬಹುದು. ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದ ಅವಕಾಶವಿದೆ. ಕನಿಷ್ಠ 30,000 ಯೂರೋ ರಕ್ಷಣೆಯ ಪ್ರಯಾಣ ವಿಮೆ ಕಡ್ಡಾಯ. ತೊಡಕಿರುವುದು ವಸತಿಯ ಪುರಾವೆಯಲ್ಲಿ: "ಎಲ್ಲಾದರೂ ನಿಲ್ಲಿಸಿ ಮಲಗುತ್ತೇವೆ" ಎಂದರೆ ಅರ್ಜಿ ನಿಲ್ಲುವುದಿಲ್ಲ. ಮೋಟಾರ್‌ಹೋಮ್ ಬಾಡಿಗೆಯ ಒಪ್ಪಂದ, ಮೊದಲ ಮತ್ತು ಕೊನೆಯ ರಾತ್ರಿಯ ಹೋಟೆಲ್, ನಡುವೆ ರದ್ದು ಮಾಡಬಹುದಾದ ಕ್ಯಾಂಪಿಂಗ್ ಕಾದಿರಿಸುವಿಕೆಗಳು, ಇವುಗಳ ಜೊತೆ ದಿನವಾರು ಊರುಗಳ ಪಟ್ಟಿ ಇಡಿ.

ಚಾಲನೆಗೆ ಭಾರತದ ಮೂಲ ಲೈಸೆನ್ಸ್ ಮತ್ತು ಆರ್‌ಟಿಒ ಕೊಡುವ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಎರಡೂ ಕೈಯಲ್ಲಿರಬೇಕು. ಎರಡನೆಯದು ಒಂದು ವರ್ಷ ನಡೆಯುತ್ತದೆ, ಮೂಲ ಲೈಸೆನ್ಸ್ ಜೊತೆಗಿಲ್ಲದಿದ್ದರೆ ಅದಕ್ಕೆ ಬೆಲೆಯಿಲ್ಲ. ಕಾರಿನ ಲೈಸೆನ್ಸಿನಲ್ಲಿ 3,500 ಕಿಲೋ ಒಟ್ಟು ತೂಕದ ಗಾಡಿಯವರೆಗೆ ಓಡಿಸಬಹುದು. ಅದಕ್ಕಿಂತ ಭಾರದ ಗಾಡಿ ಅಗ್ಗಕ್ಕೆ ಸಿಕ್ಕರೂ ಬೇಡ. ಬಾಡಿಗೆಯವರು ಚಾಲಕರ ವಯಸ್ಸನ್ನೂ ಲೈಸೆನ್ಸ್ ಎಷ್ಟು ವರ್ಷ ಹಳೆಯದೆಂಬುದನ್ನೂ ಕೇಳುತ್ತಾರೆ. ಭಾರತದ ಲೈಸೆನ್ಸ್ ಒಪ್ಪುತ್ತಾರೆಂಬುದನ್ನು ಇಮೇಲಿನಲ್ಲಿ ಬರೆಸಿಕೊಳ್ಳಿ. ಭದ್ರತಾ ಠೇವಣಿಗೆ ಚಾಲಕರ ಹೆಸರಿನಲ್ಲೇ ಕ್ರೆಡಿಟ್ ಕಾರ್ಡ್ ಬೇಕು. ಫಾರೆಕ್ಸ್ ಪ್ರೀಪೇಯ್ಡ್ ಕಾರ್ಡನ್ನು ಹಲವರು ಠೇವಣಿಗೆ ಒಪ್ಪುವುದಿಲ್ಲ.

ಗಾಡಿ ಆರಿಸುವುದು

ಇಬ್ಬರೇ ಆದರೆ ವ್ಯಾನ್ ಮಾದರಿ ತೆಗೆದುಕೊಳ್ಳಿ. ಉದ್ದ 5.4ರಿಂದ 6.4 ಮೀಟರ್, ಅಗಲ ಕನ್ನಡಿ ಬಿಟ್ಟು 2.05 ಮೀಟರ್. ಈ ಸುತ್ತಿನ ಹಳ್ಳಿಗಳಲ್ಲಿ ಮುಂದಿನ ದೊಡ್ಡ ಮಾದರಿಗೂ ಇದಕ್ಕೂ ಇರುವ 25 ಸೆಂ.ಮೀ. ಅಗಲದ ವ್ಯತ್ಯಾಸ ದಿನವೂ ಅನುಭವಕ್ಕೆ ಬರುತ್ತದೆ. ಮೂವರು ನಾಲ್ವರಿದ್ದರೆ ಪ್ರೊಫಿಲೆ ಎನ್ನುವ ತಗ್ಗು ಮಾಡಿನ (ಛಾವಣಿಯ) ಮಾದರಿ, 6.5ರಿಂದ 7.4 ಮೀಟರ್ ಉದ್ದ, 2.3 ಮೀಟರ್ ಅಗಲ. ಚಾಲಕನ ತಲೆಯ ಮೇಲೆ ಹಾಸಿಗೆ ಇರುವ ಕಾಪುಸಿನ್ ಮಾದರಿಯಲ್ಲಿ ಮಕ್ಕಳಿಗೆ ಜಾಗ ಚೆನ್ನಾಗಿರುತ್ತದೆ, ಆದರೆ ಎತ್ತರ 3 ಮೀಟರ್ ದಾಟುತ್ತದೆ, ಅಡ್ಡಗಾಳಿಗೆ ಓಲಾಡುತ್ತದೆ.

ಹಾಸಿಗೆಗಳ ಲೆಕ್ಕ ಬೇರೆ, ಸೀಟ್ ಬೆಲ್ಟ್‌ಗಳ ಲೆಕ್ಕ ಬೇರೆ. ಆರು ಜನ ಮಲಗುವ ಗಾಡಿಯಲ್ಲಿ ನಾಲ್ಕೇ ಬೆಲ್ಟ್ ಇರಬಹುದು. ಬೆಲ್ಟ್ ಎಷ್ಟೋ ಜನ ಅಷ್ಟೇ. 10 ವರ್ಷದೊಳಗಿನ ಮಕ್ಕಳಿಗೆ ಮಕ್ಕಳ ಆಸನ ಕಡ್ಡಾಯ, ಮೊದಲೇ ಹೇಳಿಡಿ.

ತೂಕದ ಲೆಕ್ಕವನ್ನು ಬಹಳ ಜನ ಮಾಡುವುದೇ ಇಲ್ಲ. ಉದಾಹರಣೆಗೆ ದಾಖಲೆಯಲ್ಲಿ ಗಾಡಿಯ ಸ್ವಂತ ತೂಕ 3,000 ಕಿಲೋ, ಮಿತಿ 3,500 ಎಂದಿಟ್ಟುಕೊಳ್ಳಿ. ಉಳಿದದ್ದು 500. ಚಾಲಕರ ತೂಕ ಸಾಮಾನ್ಯವಾಗಿ ಮೊದಲ ಅಂಕಿಯಲ್ಲೇ ಸೇರಿರುತ್ತದೆ. ಮಿಕ್ಕ ಮೂವರು 200, ಸಾಮಾನು 90, ತುಂಬಿದ ನೀರು 100, ಮೇಜು ಕುರ್ಚಿ ಪಾತ್ರೆ 50, ಎರಡು ವಿದ್ಯುತ್ ಸೈಕಲ್ 50. ಅಲ್ಲಿಗೆ 490 ಆಯಿತು. ಅಂಗಡಿಯಿಂದ ಆರು ಬಾಟಲಿಗಳ ಎರಡು ಕಟ್ಟು ನೀರು ತಂದರೆ ಮಿತಿ ದಾಟಿತು. ತೂಕ ಮೀರಿದರೆ ದಂಡ ಚಾಲಕರ ಮೇಲೆ, ಬ್ರೇಕ್ ಹಿಡಿಯುವ ದೂರವೂ ಹೆಚ್ಚು. ಸುಲಭದ ಪರಿಹಾರವೆಂದರೆ ಅರ್ಧ ಟ್ಯಾಂಕ್ ನೀರಿನಲ್ಲಿ ಹೊರಟು, ರಾತ್ರಿ ತಂಗುವ ಕಡೆ ಪೂರ್ತಿ ತುಂಬುವುದು. ಗಟ್ಟಿ ಸೂಟ್‌ಕೇಸುಗಳನ್ನು ಇಡಲು ಜಾಗವೇ ಇರುವುದಿಲ್ಲ. ಮಡಚಬಹುದಾದ ಚೀಲಗಳೇ ಸರಿ.

ಗಾಡಿ ಪಡೆಯುವ ದಿನ

ವಿಮಾನ ಇಳಿದ ದಿನವೇ ಗಾಡಿ ತೆಗೆದುಕೊಳ್ಳಬೇಡಿ. ರಾತ್ರಿಯಿಡೀ ಹಾರಿ, ಎಡಗಡೆ ಓಡಿಸಿ ರೂಢಿಯಿದ್ದವರು ಬಲಗಡೆ ಏಳು ಮೀಟರ್ ಗಾಡಿ ಓಡಿಸುವುದು ಅಪಾಯ. ಪ್ಯಾರಿಸ್‌ನ ಮೊಂಪಾರ್ನಾಸ್ ನಿಲ್ದಾಣದಿಂದ ಟಿಜಿವಿ ಎಂಬ ಅತಿವೇಗದ ರೈಲು ನಾಲ್ಕೂವರೆ ಗಂಟೆಯೊಳಗೆ ತುಲೂಸ್‌ಗೆ ಮುಟ್ಟಿಸುತ್ತದೆ. ಅಲ್ಲೊಂದು ರಾತ್ರಿ ನಿದ್ದೆ ಮಾಡಿ, ಮರುದಿನ ಬೆಳಗ್ಗೆ ಹೋಗಿ. ಮಧ್ಯಾಹ್ನ 12ರಿಂದ 2ರವರೆಗೆ ಕಚೇರಿ ಮುಚ್ಚಿರುವುದು ಸಾಮಾನ್ಯ, ಭಾನುವಾರ ಬಹುತೇಕ ಕಡೆ ರಜೆ. ವಿವರಣೆಗೆ ಒಂದೂವರೆ ಗಂಟೆ ಎತ್ತಿಡಿ, ಪೂರ್ತಿ ವಿಡಿಯೋ ಮಾಡಿಕೊಳ್ಳಿ, ಈ ಕ್ರಮದಲ್ಲಿ ನೋಡಿ:

1. ಹೊರಗಿನ ನಾಲ್ಕು ಮೂಲೆ, ಮಾಡಿನ ಅಂಚು, ಹಿಂಬದಿ ಬಂಪರಿನ ಕೆಳಭಾಗ, ಟೈರುಗಳ ಪಕ್ಕೆ, ಗಾಜು. ಪ್ರತಿ ಗೀರನ್ನೂ ಹಾಳೆಯಲ್ಲಿ ಬರೆಸಿ. ಮಾಡು, ತಳ, ಟೈರು, ಬಿಸಿಲ ಪರದೆ ವಿಮೆಯಿಂದ ಹೊರಗಿರುವುದು ಹೆಚ್ಚು. ಕರಾರಿನಲ್ಲಿ ಆ ಸಾಲನ್ನು ಹುಡುಕಿ ಓದಿ.
2. ನೀರಿನ ಪಂಪ್ ಹಾಕಿ ಎಲ್ಲ ನಲ್ಲಿ ತಿರುಗಿಸಿ, ಬಿಸಿನೀರು ಬರುವವರೆಗೆ ಕಾಯಿರಿ.
3. ಸ್ಟವ್ ಹೊತ್ತಿಸಿ. ಸಿಲಿಂಡರ್ ಎತ್ತಿ ಎಷ್ಟು ಉಳಿದಿದೆ ನೋಡಿ. ಖಾಲಿಯಾದರೆ ಎಲ್ಲಿ ಬದಲಿಸಬೇಕು, ಹಣ ಯಾರದು ಎಂದು ಕೇಳಿ.
4. ಫ್ರಿಜ್ಜನ್ನು ಮೂರೂ ವಿಧದಲ್ಲಿ ಚಾಲೂ ಮಾಡಿಸಿ: ಓಡುವಾಗ 12 ವೋಲ್ಟ್, ಕ್ಯಾಂಪಿಂಗ್‌ನಲ್ಲಿ 230 ವೋಲ್ಟ್, ಉಳಿದಾಗ ಗ್ಯಾಸ್.
5. ಕ್ಯಾಸೆಟ್ ಎಳೆದು ಒಳಗೆ ಹಾಕಿಸಿ ನೋಡಿ. ಬಳಸಿದ ನೀರಿನ ಕವಾಟದ ಹಿಡಿ ಎಲ್ಲಿದೆ ಎಂದು ತೋರಿಸಲು ಹೇಳಿ.
6. ನೀರಿನ ಪೈಪು ಮತ್ತು ಅದರ ತಿರುಪು ಮೂತಿಗಳು, 25 ಮೀಟರ್ ವಿದ್ಯುತ್ ಕೇಬಲ್, ನೀಲಿ ಮೂರು ಪಿನ್ನಿನ ಪ್ಲಗ್‌ನಿಂದ ಫ್ರೆಂಚ್ ಮನೆಬಳಕೆಯ ಸಾಕೆಟ್ಟಿಗೆ ಹೊಂದುವ ಅಡಾಪ್ಟರ್, ಚಕ್ರದ ಕೆಳಗಿಡುವ ಇಳಿಜಾರು ದಿಮ್ಮಿಗಳು, ಎಚ್ಚರಿಕೆಯ ತ್ರಿಕೋನ, ಹೊಳೆಯುವ ಜಾಕೆಟ್‌ಗಳು ಇವೆಯೇ ಎಂದು ಎಣಿಸಿ.

ಕೊನೆಗೆ ಒಂದು ಟೇಪಿನ ಮೇಲೆ ಎತ್ತರ, ಅಗಲ, ಉದ್ದ ಬರೆದು ಸ್ಟೀರಿಂಗ್ ಪಕ್ಕ ಅಂಟಿಸಿ. ಅಂಗಡಿಗಳ ಕಾರ್ ನಿಲ್ದಾಣಗಳ ಬಾಯಲ್ಲಿ 2 ಮೀಟರ್ ಎತ್ತರದ ಕಬ್ಬಿಣದ ಅಡ್ಡಪಟ್ಟಿ ಇರುತ್ತದೆ. ಮಾಡು ಕಿತ್ತುಹೋಗುವುದು ಹೆಚ್ಚಾಗಿ ಇಂಥಲ್ಲೇ, ಅದೂ ನಡಿಗೆಯ ವೇಗದಲ್ಲಿ.

ಓಡಿಸುವಾಗ

ಬಲಬದಿಯ ಚಾಲನೆ ಒಂದು ದಿನದಲ್ಲಿ ಒಗ್ಗುತ್ತದೆ. ಒಗ್ಗಿದ ಮೇಲೆಯೇ ತಪ್ಪುವುದು: ಬೆಳಗ್ಗೆ ಖಾಲಿ ರಸ್ತೆಗೆ ಹತ್ತುವಾಗ, ಪೆಟ್ರೋಲ್ ಬಂಕಿನಿಂದ ಹೊರಬರುವಾಗ ಕೈ ತಾನಾಗಿ ಎಡಕ್ಕೆ ಎಳೆಯುತ್ತದೆ. ಆ ಎರಡು ಗಳಿಗೆಗಳಲ್ಲಿ ಪಕ್ಕದಲ್ಲಿದ್ದವರು ಬಾಯಿಬಿಟ್ಟು "ಬಲ" ಎನ್ನಲಿ.

ಗೊತ್ತಿರಲೇಬೇಕಾದ ನಿಯಮ, ಬಲದಿಂದ ಬರುವವರಿಗೆ ಮೊದಲ ಹಕ್ಕು. ಹಳ್ಳಿಯೊಳಗೆ ಯಾವ ಫಲಕವೂ ಇಲ್ಲದ ಕೂಡುರಸ್ತೆಯಲ್ಲಿ ಬಲಗಡೆಯ ಪುಟ್ಟ ಗಲ್ಲಿಯಿಂದ ಬರುವ ಟ್ರ್ಯಾಕ್ಟರಿಗೂ ನೀವು ನಿಲ್ಲಬೇಕು. ಅವರು ನಿಮ್ಮತ್ತ ನೋಡದೆಯೇ ಬರುತ್ತಾರೆ. ಬಿಳಿ ಅಂಚಿನ ಹಳದಿ ವಜ್ರಾಕಾರದ ಫಲಕ ಕಂಡರೆ ಹಕ್ಕು ನಿಮ್ಮದು. ಅದರ ಮೇಲೆ ಕಪ್ಪು ಗೆರೆ ಎಳೆದಿದ್ದರೆ ಅಲ್ಲಿಗೆ ಮುಗಿಯಿತು. ವೃತ್ತಗಳಲ್ಲಿ ಗಡಿಯಾರದ ವಿರುದ್ಧ ದಿಕ್ಕಿಗೆ ಸುತ್ತಬೇಕು, ಬಹುಮಟ್ಟಿಗೆ ಎಲ್ಲೆಡೆ ಒಳಗಿರುವವರಿಗೆ ದಾರಿ ಬಿಡಬೇಕು.

3.5 ಟನ್‌ವರೆಗಿನ ಗಾಡಿಗೆ ಊರೊಳಗೆ 50 (ಅನೇಕ ಕಡೆ 30), ನಡುವೆ ವಿಭಜಕವಿಲ್ಲದ ರಸ್ತೆಯಲ್ಲಿ 80, ಕೆಲವು ಜಿಲ್ಲೆಗಳಲ್ಲಿ 90, ವಿಭಜಕವಿದ್ದರೆ 110, ಹೆದ್ದಾರಿಯಲ್ಲಿ 130. ಮಳೆಯಲ್ಲಿ ಕೊನೆಯ ಎರಡು 100 ಮತ್ತು 110ಕ್ಕೆ ಇಳಿಯುತ್ತವೆ. ಊರಿನ ಹೆಸರಿನ ಕೆಂಪು ಅಂಚಿನ ಫಲಕವೇ 50ರ ಫಲಕ; ಬೇರೆ ಸೂಚನೆ ಇರುವುದಿಲ್ಲ. ಅದೇ ಹೆಸರಿನ ಮೇಲೆ ಅಡ್ಡಗೆರೆ ಬಂದರೆ ಊರು ಮುಗಿಯಿತು. ಮದ್ಯದ ಮಿತಿ ರಕ್ತದ ಲೀಟರಿಗೆ 0.5 ಗ್ರಾಂ. ದ್ರಾಕ್ಷಿ ತೋಟಗಳ ನಡುವೆ ಹೋಗುವ ಸುತ್ತಿನಲ್ಲಿ ರುಚಿ ನೋಡುವ ಕೆಲಸ ಗಾಡಿ ನಿಲ್ಲಿಸಿದ ಸಂಜೆಗೇ ಇರಲಿ.

ಹಿಂದಿನ ಚಕ್ರದ ಆಚೆಗೆ ಗಾಡಿ ಎರಡು ಮೀಟರ್ ಚಾಚಿರುತ್ತದೆ. ಬಲಕ್ಕೆ ತಿರುಗಿದರೆ ಬಾಲ ಎಡಕ್ಕೆ ಬೀಸುತ್ತದೆ. ಗೋಡೆಗೆ ಒತ್ತಿ ನಿಲ್ಲಿಸಿದ್ದರೆ ಹೊರಡುವಾಗ ಮೊದಲ ಎರಡು ಮೀಟರ್ ನೇರ ಹೋಗಿ, ಆಮೇಲೆ ತಿರುಗಿಸಿ. ಹಿಂದಕ್ಕೆ ತರುವಾಗ ಕ್ಯಾಮೆರಾ ಇದ್ದರೂ ಒಬ್ಬರು ಇಳಿಯಬೇಕು, ಏಕೆಂದರೆ ಕ್ಯಾಮೆರಾ ನೆಲ ತೋರಿಸುತ್ತದೆ, ಮೇಲಿನ ಕೊಂಬೆ ತೋರಿಸುವುದಿಲ್ಲ. ಇಳಿಜಾರಿನಲ್ಲಿ ಎರಡನೇ ಮೂರನೇ ಗೇರಿನಲ್ಲಿ ಎಂಜಿನ್ನೇ ಹಿಡಿಯಲಿ. ಹಿಂದೆ ಮೂರು ಕಾರು ಸೇರಿದರೆ ಬದಿಗೆ ಸರಿದು ಬಿಟ್ಟುಕೊಡಿ. ಅವರು ಕೆಲಸಕ್ಕೆ ಹೊರಟವರು.

ಫೋನಿನ ನಕ್ಷೆಗೆ ಗಾಡಿಯ ಅಗಲ ಗೊತ್ತಿಲ್ಲ. ಎರಡು ನಿಮಿಷ ಉಳಿಸಲು ಹೊಲದ ದಾರಿಗೆ ಇಳಿಸುತ್ತದೆ. ಜೊತೆಗೆ ಮಿಶೆಲಿನ್‌ನ ಪ್ರಾದೇಶಿಕ ಕಾಗದದ ನಕ್ಷೆ ಇರಲಿ. ಅದರಲ್ಲಿ ಕೆಂಪು ಮತ್ತು ಹಳದಿ ರಸ್ತೆ ನಿಮಗೆ ಸರಿ, ಬಿಳಿ ರಸ್ತೆ ಬೇಡ. ಹಸಿರು ಅಂಚು ಇದ್ದರೆ ನೋಟ ಚಂದ. ರಸ್ತೆಯ ಮೇಲಿನ ಬಾಣಗಳು ಏರು ತೋರಿಸುತ್ತವೆ: ಒಂದಾದರೆ ಶೇ. 5-9, ಎರಡಾದರೆ 9-13, ಮೂರಾದರೆ ಅದಕ್ಕೂ ಕಡಿದು. ಮೂರು ಬಾಣದ ದಾರಿಯಲ್ಲಿ ಬಾಡಿಗೆ ಗಾಡಿ ತೆಗೆದುಕೊಂಡು ಹೋಗಲು ಕಾರಣವೇ ಇಲ್ಲ.

ಮೂರು ವಾರದ ದಾರಿ

ಇಲ್ಲಿಯ ವಾರದ ಸಂತೆಗಳು ಬೆಳಗ್ಗೆ ಎಂಟರಿಂದ ಮಧ್ಯಾಹ್ನದವರೆಗೆ. ತರಕಾರಿ, ಚೀಸ್, ಹಣ್ಣು ಅಲ್ಲೇ ಕೊಳ್ಳುವಂತೆ ದಿನಗಳನ್ನು ಹೊಂದಿಸಿದ್ದೇವೆ. ಮಂಗಳವಾರ ಗಾಡಿ ಹಿಡಿದರೆ ಎಲ್ಲ ಕೂಡಿಬರುತ್ತದೆ.

ಮೊದಲ ರಾತ್ರಿ ದೂರ ಬೇಡ. 85 ಕಿ.ಮೀ. ಆಸುಪಾಸಿನಲ್ಲಿರುವ ಕೋರ್ಡ್-ಸುರ್-ಸಿಯೆಲ್‌ನ ಬೆಟ್ಟದ ಬುಡದಲ್ಲಿ ನಿಲ್ಲಿಸಿ, 1222ರಲ್ಲಿ ಕಟ್ಟಿದ ಊರಿಗೆ ನಡೆದು ಹತ್ತಿ. ಮರುದಿನ ಕೋಟೆಯ ಹಳ್ಳಿ ನಜಾಕ್. ಗುರುವಾರ ವಿಲ್‌ಫ್ರಾಂಶ್-ದ-ರುಯೆರ್ಗ್‌ನ ಕಮಾನು ಚೌಕದ ಸಂತೆ. ಶುಕ್ರವಾರ ಕೊಂಕ್: ಊರೊಳಗೆ ಗಾಡಿಗೆ ಪ್ರವೇಶವಿಲ್ಲ, ಹೊರಗಿನ ನಿಲ್ದಾಣದಿಂದ ನಡಿಗೆ. ಸೇಂತ್-ಫುವಾ ದೇಗುಲದ ಬಾಗಿಲ ಮೇಲಿನ ಕೊನೆಯ ತೀರ್ಪಿನ ಕೆತ್ತನೆಯನ್ನು ಮಧ್ಯಾಹ್ನ ಮೇಲೆ ಬೆಳಕು ಪಶ್ಚಿಮಕ್ಕೆ ಬಂದಾಗ ನೋಡಿ. ಒಳಗಿನ ಕಿಟಕಿಗಳು ಚಿತ್ರಕಾರ ಪಿಯರ್ ಸುಲಾಜ್ 1994ರಲ್ಲಿ ಮಾಡಿಕೊಟ್ಟವು. ಶನಿವಾರ ಫಿಜಾಕ್ ಸಂತೆ. ಈಜಿಪ್ಟಿನ ಚಿತ್ರಲಿಪಿ ಓದಿದ ಶಾಂಪೊಲಿಯೊಂ ಹುಟ್ಟಿದ್ದು (1790) ಈ ಊರಲ್ಲೇ.

ಭಾನುವಾರ, ಸೋಮವಾರ ರೊಕಾಮದೂರ್. ಬಂಡೆಗೆ ಅಂಟಿದ ಊರಿನ ಕೆಳಗಿನ ಬೀದಿಗೆ ಇಳಿಯುವ ಯೋಚನೆ ಬಿಟ್ಟು ಮೇಲಿನ ಲೋಸ್ಪಿತಾಲೆ ಕಡೆ ನಿಲ್ಲಿಸಿ. ಇಡೀ ಊರು ಎದುರಿಗೆ ಕಾಣುವುದೂ ಅಲ್ಲಿಂದಲೇ. ಮಂಗಳವಾರ ಸಾರ್ಲಾ, ಬುಧವಾರ ಅಲ್ಲಿನ ಸಂತೆ, ಒಟ್ಟು ಮೂರು ರಾತ್ರಿ. ನದಿ ದಂಡೆಯ ಲಾ ರೋಕ್-ಗಜಾಕ್, ಬೆನಾಕ್, ಎತ್ತರದ ದೋಮ್ ಎಲ್ಲ 15 ಕಿ.ಮೀ. ಒಳಗೆ. ದೋಮ್‌ನ ಕಲ್ಲು ಹೆಬ್ಬಾಗಿಲುಗಳಲ್ಲಿ ಮೋಟಾರ್‌ಹೋಮ್ ನುಗ್ಗಿಸಬೇಡಿ.

ನಂತರ ವೆಝೇರ್ ಕಣಿವೆ, ಲೆಝ್ ಎಯ್ಝಿಯಲ್ಲಿ ಮೂರು ನಾಲ್ಕು ರಾತ್ರಿ. 1940ರಲ್ಲಿ ಪತ್ತೆಯಾದ, ಆದಿಮಾನವರ ಚಿತ್ರಗಳಿರುವ ಲಾಸ್ಕೊ ಗುಹೆಯನ್ನು 1963ರಲ್ಲೇ ಸಾರ್ವಜನಿಕರಿಗೆ ಮುಚ್ಚಿದರು: ಜನರ ಉಸಿರಿನಿಂದ ಚಿತ್ರಗಳು ಹಾಳಾಗುತ್ತಿದ್ದವು. ಮೊಂತಿನ್ಯಾಕ್‌ನಲ್ಲಿ ಈಗ ನೋಡುವುದು 2016ರಲ್ಲಿ ತೆರೆದ ಪೂರ್ಣ ಪ್ರತಿಕೃತಿ. ಮೂಲ ಚಿತ್ರಗಳೇ ಬೇಕಿದ್ದರೆ ಲೆಝ್ ಎಯ್ಝಿಯ ಫೊಂ-ದ-ಗೋಮ್‌ಗೆ, ಅಥವಾ ಮುಂದೆ ಸಿಗುವ ಇನ್ನೊಂದು ಗುಹೆ ಪೆಶ್ ಮೆರ್ಲ್‌ಗೆ ಬಹಳ ಮೊದಲೇ ಟಿಕೆಟ್ ಮಾಡಿ. ದಿನಕ್ಕೆ ಇಷ್ಟೇ ಜನ ಎಂಬ ಕಟ್ಟು ಇದೆ. ಪ್ರತಿಕೃತಿಗಿಂತ ಪೆಶ್ ಮೆರ್ಲ್‌ನ ಚುಕ್ಕೆ ಕುದುರೆಗಳೇ ಮೇಲು ಎಂಬುದು ನಮ್ಮ ಅಭಿಪ್ರಾಯ. ಭಾನುವಾರ ಸೇಂ-ಸಿಪ್ರಿಯಾಂ ಸಂತೆ, ಮಂಗಳವಾರ ಲ ಬ್ಯೂಗ್, ನಡುವೆ ಎರಡು ನದಿ ಕೂಡುವ ಲಿಮ್ಯೋಯ್. ಗುರುವಾರ ಮೊಂಪಾಝಿಯೆ, ಶನಿವಾರ ಕಾಓರ್ ಸಂತೆ ಮತ್ತು 14ನೇ ಶತಮಾನದ ಮೂರು ಗೋಪುರದ ಸೇತುವೆ. ಭಾನುವಾರ ಲೊತ್ ನದಿಯ ಮೇಲಿನ ಸೇಂ-ಸಿರ್-ಲಪೋಪಿ ಮತ್ತು ಹತ್ತಿರದ ಪೆಶ್ ಮೆರ್ಲ್. ಸೋಮವಾರ ತುಲೂಸ್.

ಎರಡೇ ವಾರವಿದ್ದರೆ ವೇಗ ಹೆಚ್ಚಿಸಬೇಡಿ, ಪಶ್ಚಿಮದ ತುದಿಯನ್ನು ಕತ್ತರಿಸಿ: ಸಾರ್ಲಾ ನೋಡಿ ನೇರ ಕಾಓರ್ ಕಡೆಗೆ ಇಳಿಯಿರಿ.

ರಾತ್ರಿ ಎಲ್ಲಿ ನಿಲ್ಲಿಸುವುದು

ಏರ್ ಎಂದು ಕರೆಯುವ ಮೋಟಾರ್‌ಹೋಮ್ ನಿಲ್ದಾಣಗಳನ್ನು ಹೆಚ್ಚಾಗಿ ಊರಾಡಳಿತವೇ ನಡೆಸುತ್ತದೆ. ಪುಕ್ಕಟೆಯಿಂದ 15 ಯೂರೋವರೆಗೆ. ಫುಟ್‌ಬಾಲ್ ಮೈದಾನದ ಪಕ್ಕ, ಸ್ಮಶಾನದ ಹಿಂದೆ, ಹಳೆಯ ರೈಲು ನಿಲ್ದಾಣದ ಅಂಗಳ: ಜಾಗಗಳು ಚೆಲುವಿಗೆ ಹೆಸರಾದವಲ್ಲ, ಆದರೆ ಬೇಕರಿ ನಡೆಯುವ ದೂರದಲ್ಲಿರುತ್ತದೆ. ಕ್ಯಾಂಪಿಂಗ್-ಕಾರ್ ಪಾರ್ಕ್ ಜಾಲದಲ್ಲಿ ಒಮ್ಮೆ ಕಾರ್ಡ್ ಕೊಂಡು ಹಣ ತುಂಬಿದರೆ ತಡೆಗಂಬ ತಾನಾಗಿ ತೆರೆಯುತ್ತದೆ. ಪಾರ್ಕ್‌ಫೋರ್‌ನೈಟ್ ಆ್ಯಪ್‌ನಲ್ಲಿ ಎಲ್ಲ ಜಾಗಗಳೂ ಇವೆ. ಇತ್ತೀಚಿನ ತಿಂಗಳ ಟಿಪ್ಪಣಿ ಮಾತ್ರ ನಂಬಿ.

ರೈತರ ಮನೆಯಂಗಳ, ದ್ರಾಕ್ಷಿ ತೋಟಗಳಲ್ಲಿ ಒಂದು ರಾತ್ರಿ ಪುಕ್ಕಟೆ ನಿಲ್ಲಲು ಫ್ರಾನ್ಸ್ ಪಾಸಿಯೊಂ ಎಂಬ ವಾರ್ಷಿಕ ಸದಸ್ಯತ್ವವಿದೆ. ಅಲ್ಲಿ ನೀರು, ಕರೆಂಟು ಸಿಗುತ್ತದೆಂಬ ಖಾತರಿಯಿಲ್ಲ, ಗಾಡಿಯಲ್ಲೇ ಶೌಚಾಲಯವಿರಬೇಕು. ಕತ್ತಲಾಗುವ ಮೊದಲು ತಲುಪಿ, ಗಾಡಿ ನಿಲ್ಲಿಸುವುದಕ್ಕೂ ಮುಂಚೆ ಮನೆಯವರಿಗೆ "ಬೊಂಜೂರ್" ಹೇಳಿ. ಕೊಳ್ಳಲೇಬೇಕೆಂಬ ಒತ್ತಾಯವಿಲ್ಲ, ಆದರೆ ಒಂದು ಬಾಟಲಿ ವಾಲ್‌ನಟ್ ಎಣ್ಣೆಯನ್ನಾದರೂ ಕೊಳ್ಳುವುದು ಮರ್ಯಾದೆ.

ಮೂರು ರಾತ್ರಿಗೊಮ್ಮೆ ಕ್ಯಾಂಪಿಂಗ್ ಮ್ಯುನಿಸಿಪಾಲ್. ಜುಲೈ, ಆಗಸ್ಟ್ ಬಿಟ್ಟು ಇಬ್ಬರಿಗೆ 15ರಿಂದ 25 ಯೂರೋ. ಬಟ್ಟೆ ಒಗೆಯುವ ಯಂತ್ರ, ಬಿಸಿನೀರ ಸ್ನಾನ, ನೆರಳು ಎಲ್ಲ ಒಟ್ಟಿಗೆ ಮುಗಿಯುತ್ತದೆ.

ಸಾರ್ವಜನಿಕ ರಸ್ತೆಬದಿಯಲ್ಲಿ ಗಾಡಿ ನಿಲ್ಲಿಸುವುದು ಬೇರೆ, ಬಿಡಾರ ಹೂಡುವುದು ಬೇರೆ. ಪರದೆ ಚಾಚಿ, ಕುರ್ಚಿ ಹಾಕಿದ ಕ್ಷಣದಿಂದ ಅದು ಬಿಡಾರ, ದಂಡಕ್ಕೆ ದಾರಿ. ಸಮುದ್ರ ತೀರದಲ್ಲೂ ಸಂರಕ್ಷಿತ ತಾಣಗಳಲ್ಲೂ ಬಿಡಾರ ನಿಷಿದ್ಧ. ಹೆದ್ದಾರಿಯ ವಿಶ್ರಾಂತಿ ತಾಣಗಳಲ್ಲಿ ರಾತ್ರಿ ಮಲಗಬೇಡಿ. ಕಳ್ಳತನ ನಡೆಯುವುದು ಅಲ್ಲೇ ಹೆಚ್ಚು. ಊರ ಚೌಕದಲ್ಲಿ ನಿಲ್ಲಿಸುವ ಮೊದಲು "ಮಾರ್ಶೆ" (ಸಂತೆ) ಎಂದು ದಿನ, ಗಂಟೆ ಬರೆದ ಫಲಕ ಹುಡುಕಿ. ಮರುದಿನ ಸಂತೆಯಿದ್ದರೆ ಬೆಳಗ್ಗೆ ಐದಕ್ಕೆ ವ್ಯಾಪಾರಿಗಳು ಬಾಗಿಲು ಬಡಿಯುತ್ತಾರೆ, ಇಲ್ಲವೇ ಗಾಡಿ ಎಳೆದೊಯ್ಯುವ ಲಾರಿ ಬಂದಿರುತ್ತದೆ. ಗಂಟೆಗೋಪುರದ ಬುಡವೂ ಬೇಡ, ಕೆಲವು ಊರುಗಳಲ್ಲಿ ರಾತ್ರಿಯಿಡೀ ಗಂಟೆ ಹೊಡೆಯುತ್ತದೆ.

ನೀರು ತುಂಬುವುದು, ಕೊಳೆ ಸುರಿಯುವುದು

ಬೋರ್ನ್ ಎನ್ನುವ ಕಂಬದಲ್ಲಿ ನೀರಿನ ನಲ್ಲಿ, ಕೊಳೆ ಸುರಿಯುವ ಬಾಯಿ ಎಲ್ಲ ಇರುತ್ತದೆ. ಹಣ ಕಾರ್ಡ್, ನಾಣ್ಯ ಅಥವಾ ಝತೋನ್ ಎಂಬ ಬಿಲ್ಲೆಯಿಂದ. ಬಿಲ್ಲೆಯನ್ನು ಪ್ರವಾಸಿ ಕಚೇರಿ, ಬೇಕರಿ ಅಥವಾ ಊರ ಕಚೇರಿಯಲ್ಲಿ ಮಾರುತ್ತಾರೆ. ಭಾನುವಾರ ಮಧ್ಯಾಹ್ನ ಬಂದರೆ ಮೂರೂ ಮುಚ್ಚಿರುತ್ತವೆ. 2ರಿಂದ 5 ಯೂರೋಗೆ ಸುಮಾರು 100 ಲೀಟರ್ ನೀರು.

1. ಬಳಸಿದ ನೀರಿನ ಕವಾಟ ನೆಲದ ಜಾಲರಿಯ ಮೇಲೆ ಬರುವಂತೆ ಗಾಡಿ ನಿಲ್ಲಿಸಿ, ತೆರೆಯಿರಿ. ಪೂರ್ತಿ ಖಾಲಿಯಾಗಲು ಐದು ನಿಮಿಷ. ಮುಚ್ಚಲು ಮರೆತರೆ ರಸ್ತೆಯುದ್ದಕ್ಕೂ ಸೋರುತ್ತದೆ.
2. ಬೇರೆಯದೇ ಕೈಗವಸು ಹಾಕಿ ಕ್ಯಾಸೆಟ್ ತೆಗೆಯಿರಿ. ಸುರಿಯುವಾಗ ಗಾಳಿಗುಂಡಿ ಒತ್ತಿ ಹಿಡಿಯಿರಿ, ಇಲ್ಲದಿದ್ದರೆ ಗುಳುಗುಳು ಎಂದು ಮೈಮೇಲೆ ಸಿಡಿಯುತ್ತದೆ.
3. ಅದರ ಪಕ್ಕದ ತೊಳೆಯುವ ನಲ್ಲಿಯಿಂದ ಎರಡು ಸಲ ತೊಳೆದು, ಎರಡು ಲೀಟರ್ ನೀರು, ಬಾಟಲಿಯ ಮೇಲೆ ಬರೆದಷ್ಟು ಕ್ಯಾಸೆಟ್ ದ್ರಾವಣ ಹಾಕಿ. ಹಸಿರು ಬಾಟಲಿಯ ದ್ರಾವಣ ಒಳ್ಳೆಯದು. ಹಳ್ಳಿಯ ಸಣ್ಣ ಶುದ್ಧೀಕರಣ ತೊಟ್ಟಿಯ ಸೂಕ್ಷ್ಮಜೀವಿಗಳನ್ನು ಕೊಲ್ಲುವುದಿಲ್ಲ.
4. ಕೈ ತೊಳೆದು, ಗಾಡಿಯನ್ನು ಮುಂದೆ ಸರಿಸಿ, ಕೊನೆಯಲ್ಲಿ ಒಳ್ಳೆಯ ನೀರು. ನಲ್ಲಿಯ ಮೇಲೆ "ಓ ಪೊತಾಬ್ಲ್" (ಕುಡಿಯುವ ನೀರು) ಎಂದಿರಬೇಕು. "ನೊಂ" ಸೇರಿದ್ದರೆ ಕುಡಿಯಲಾಗದು. ನಲ್ಲಿಯ ಮೂತಿ ಒರೆಸಿ, ಅರ್ಧ ನಿಮಿಷ ಹರಿಯಬಿಟ್ಟು ನಿಮ್ಮದೇ ಪೈಪು ಹಾಕಿ.

ಪೈಪು ಜೋಡಿಸಿದ ಮೇಲೆಯೇ ಹಣ ಹಾಕಿ. ಬಿಲ್ಲೆ ಬಿದ್ದ ಗಳಿಗೆಯಿಂದ ಸಮಯ ಓಡತೊಡಗುತ್ತದೆ, ತಿರುಪು ಮೂತಿ ಹುಡುಕುವಷ್ಟರಲ್ಲಿ ಅರ್ಧ ನೀರು ಜಾಲರಿಗೆ ಹೋಗಿರುತ್ತದೆ. ಕ್ಯಾಸೆಟ್ಟಿನ ಕೆಂಪು ದೀಪ ಬರುವವರೆಗೆ ಕಾಯಬೇಡಿ. ಬೆಟ್ಟದ ದಾರಿಯಲ್ಲಿ ತುಂಬಿದ ಕ್ಯಾಸೆಟ್ ತುಳುಕುತ್ತದೆ.

ಕರೆಂಟು, ಗ್ಯಾಸು, ಫ್ರಿಜ್ಜು

ಕ್ಯಾಂಪಿಂಗ್‌ನಲ್ಲಿ 6 ಆಂಪಿಯರ್ ಎಂದರೆ 230 ವೋಲ್ಟಿನಲ್ಲಿ 1,380 ವಾಟ್. 2,000 ವಾಟಿನ ಕೆಟಲ್ ಅಥವಾ ಇಂಡಕ್ಷನ್ ಒಲೆ ಹಾಕಿದೊಡನೆ ವಿದ್ಯುತ್ ಕಂಬದಲ್ಲಿ ಟ್ರಿಪ್ ಆಗುತ್ತದೆ, ಕಂಬಕ್ಕೆ ಬೀಗವಿದ್ದರೆ ಬೆಳಗ್ಗೆವರೆಗೆ ಕತ್ತಲೆ. 500 ವಾಟಿನ ಮಿಕ್ಸಿ ನಡೆಯುತ್ತದೆ. ಕೇಬಲ್ಲನ್ನು ಸುರುಳಿಯಿಂದ ಪೂರ್ತಿ ಬಿಚ್ಚಿ. ಸುತ್ತಿಟ್ಟ ಕೇಬಲ್ ಕಾದು ಕರಗುತ್ತದೆ. ಕಂಬಕ್ಕೆ ಜೋಡಿಸದೆ ನಿಂತಾಗ ಗೋಡೆಯ 230 ವೋಲ್ಟ್ ಸಾಕೆಟ್‌ಗಳಲ್ಲಿ ಕರೆಂಟೇ ಇರುವುದಿಲ್ಲ, ಕೆಟ್ಟಿದೆ ಎಂದು ಬಾಡಿಗೆಯವರಿಗೆ ಫೋನ್ ಮಾಡಬೇಡಿ. ದೀಪ, ಪಂಪ್, ಯುಎಸ್‌ಬಿ ಒಳಗಿನ ಬ್ಯಾಟರಿಯಿಂದ ಎರಡು ದಿನ ನಡೆಯುತ್ತವೆ.

ಗ್ಯಾಸ್ ಫ್ರಿಜ್ ಸಮತಟ್ಟಿನಲ್ಲೇ ತಂಪು ಮಾಡುವುದು, ದ್ರವ ತನ್ನ ಭಾರಕ್ಕೆ ಇಳಿಯುತ್ತಾ ಸುತ್ತಬೇಕಾದ್ದರಿಂದ. ಹಾಗಾಗಿ ಚಕ್ರದ ಕೆಳಗಿನ ದಿಮ್ಮಿ ನಿದ್ದೆಗಷ್ಟೇ ಅಲ್ಲ, ಹಾಲಿಗೂ ಬೇಕು. ಓಡುವಾಗ ಸಿಲಿಂಡರ್ ಬಂದ್; ಡಿಕ್ಕಿಯಾದರೆ ತಾನೇ ಮುಚ್ಚುವ ರೆಗ್ಯುಲೇಟರ್ ಇದ್ದರೆ ಮಾತ್ರ ತೆರೆದಿಡಬಹುದು. ಬ್ಯೂಟೇನ್ ಸೊನ್ನೆ ಡಿಗ್ರಿ ಹತ್ತಿರ ಅನಿಲವಾಗುವುದನ್ನೇ ನಿಲ್ಲಿಸುತ್ತದೆ, ತಣ್ಣನೆಯ ತಿಂಗಳಲ್ಲಿ ಪ್ರೊಪೇನ್ ಕೇಳಿ. ಚಳಿಯ ಬೆಳಗ್ಗೆ ಗಾಡಿಯ ತಳದಿಂದ ಹತ್ತು ಲೀಟರ್ ನೀರು ಸುರಿದರೆ ಸೋರಿಕೆ ಎಂದು ಹೆದರಬೇಡಿ. ಟ್ರೂಮಾ ಕಂಪನಿಯ ಬಿಸಿನೀರ ಬಾಯ್ಲರಿನ ಸುರಕ್ಷಾ ಕವಾಟ ಸುಮಾರು 3 ಡಿಗ್ರಿಯಲ್ಲಿ ತಾನೇ ತೆರೆದುಕೊಳ್ಳುತ್ತದೆ. ಅದರ ಸುತ್ತ 7 ಡಿಗ್ರಿ ದಾಟಿದ ಮೇಲೆ ಕೈಯಲ್ಲಿ ಮುಚ್ಚಬೇಕು.

ಪರದೆಯನ್ನು ರಾತ್ರಿ, ಮತ್ತು ಗಾಡಿ ಬಿಟ್ಟು ಹೋಗುವಾಗ, ಖಂಡಿತ ಮಡಚಿ. ಬೇಸಗೆ ಸಂಜೆಯ ಗುಡುಗುಮಳೆ ಹತ್ತು ನಿಮಿಷದಲ್ಲಿ ಬಂದು ಪರದೆಯನ್ನು ತೋಳು ಸಮೇತ ಮುರಿಯುತ್ತದೆ.

ಅಡುಗೆ, ಸಸ್ಯಾಹಾರಿಗಳಿಗೆ ವಿಶೇಷವಾಗಿ

ಇದು ಬಾತುಕೋಳಿಯ ಸೀಮೆ. ಆಲೂಗಡ್ಡೆ ಪಲ್ಯದಂತೆ ಕಾಣುವ ಸಾರ್ಲಾದೇಝ್ ಆಲೂಗಡ್ಡೆಯನ್ನು ಹುರಿಯುವುದು ಬಾತುಕೋಳಿ ಕೊಬ್ಬಿನಲ್ಲಿ. ಸಲಾಡ್, ಕೀಶ್‌ಗಳಲ್ಲಿ ಲಾರ್ದೊಂ ಎಂಬ ಹಂದಿಮಾಂಸದ ಚೂರು ಅಡಗಿರುತ್ತದೆ. "ಸಾಂ ವಿಯಾಂದ್, ಸಾಂ ಪುವಾಸೊಂ, ಸಾಂ ಲಾರ್ದೊಂ" ಎಂದು ಮಾಂಸ, ಮೀನು, ಲಾರ್ದೊಂ ಮೂರನ್ನೂ ಹೆಸರಿಸಿ ಬೇಡವೆನ್ನಿ. ಅವೆರೊನ್ ಕಡೆಯ ಅಲಿಗೊ, ಆಲೂಗಡ್ಡೆ, ಎಳೆ ಚೀಸ್, ಕೆನೆ, ಬೆಳ್ಳುಳ್ಳಿಯದು, ಮಾಂಸವಿಲ್ಲ. ಆದರೆ ಚೀಸಿಗೆ ಹಾಕುವ ಹೆಪ್ಪು ಬಹುತೇಕ ಕರುವಿನ ಹೊಟ್ಟೆಯದು. ಅದೂ ಬೇಡವೆನ್ನುವವರು ಗಾಡಿಯಲ್ಲೇ ಬೇಯಿಸಿಕೊಳ್ಳಿ.

ಊರಿನಿಂದ ಸಾರಿನ ಪುಡಿ, ಸಾಂಬಾರ್ ಪುಡಿ, ಚಟ್ನಿಪುಡಿ, ಹುಣಸೆಹಣ್ಣು, ಅವಲಕ್ಕಿ, ತೊಗರಿಬೇಳೆ ಒಯ್ಯಿರಿ. ತುಪ್ಪ, ಹಾಲಿನ ಸಿಹಿ, ಮಾಂಸದ ಪದಾರ್ಥ ಐರೋಪ್ಯ ಒಕ್ಕೂಟದೊಳಗೆ ಬಿಡುವುದಿಲ್ಲ. ಹಸಿ ಕರಿಬೇವಿಗೂ ಮಾವಿನಹಣ್ಣಿಗೂ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ತುಪ್ಪಕ್ಕೆ ಅಲ್ಲಿನ ಉಪ್ಪಿಲ್ಲದ ಬೆಣ್ಣೆ "ಬ್ಯೋರ್ ದೂ" ಕೊಂಡು ಕಾಯಿಸಿದರಾಯಿತು, ಬಹಳ ಚೆನ್ನಾಗಿ ಬರುತ್ತದೆ. ಮೂರು ಲೀಟರ್ ಕುಕ್ಕರ್ ಸಾಕು. ಕೂಗುವಾಗ ಮಾಡಿನ ಕಿಟಕಿ ತೆರೆದಿರಲಿ, ಇಲ್ಲದಿದ್ದರೆ ಆವಿ ಹಾಸಿಗೆಯಲ್ಲಿ ಇಳಿಯುತ್ತದೆ. ಒಗ್ಗರಣೆಗೆ ಹೊಗೆ ಅಲಾರಂ ಕಿರಿಚುವುದರಿಂದ ಸಣ್ಣ ಗ್ಯಾಸ್ ಒಲೆಯಲ್ಲಿ ಹೊರಗೆ ಮಾಡುವುದೇ ಮೇಲು, ಕ್ಯಾಂಪಿಂಗ್‌ನಲ್ಲಿ ಮಾತ್ರ. ಬೇಳೆ, ಅನ್ನದ ಅಗುಳು, ಎಣ್ಣೆ ಸಿಂಕಿಗೆ ಬಿದ್ದರೆ ಬಳಸಿದ ನೀರಿನ ಟ್ಯಾಂಕಿನಲ್ಲಿ ಕೊಳೆತು ಮೂರನೇ ದಿನ ಗಾಡಿಯೆಲ್ಲ ನಾರುತ್ತದೆ. ತಟ್ಟೆಯನ್ನು ಮೊದಲು ಕಾಗದದಲ್ಲಿ ಒರೆಸಿ.

ಹಳ್ಳಿ ಅಂಗಡಿಗಳು ಮಧ್ಯಾಹ್ನ ಹನ್ನೆರಡೂವರೆಯಿಂದ ಎರಡು ಎರಡೂವರೆವರೆಗೆ ಮುಚ್ಚುತ್ತವೆ, ಭಾನುವಾರ ಮಧ್ಯಾಹ್ನದ ಮೇಲೆ ಮತ್ತು ಸೋಮವಾರ ಅನೇಕ ಕಡೆ ಪೂರ್ತಿ. ಶನಿವಾರವೇ ಎರಡು ದಿನದ ಹಾಲು ತರಕಾರಿ ಇಟ್ಟುಕೊಳ್ಳಿ.

ಡೀಸೆಲ್, ಟೋಲ್

ಬಂಕಿನಲ್ಲಿ ಡೀಸೆಲ್ಲಿಗೆ "ಗಝೋಲ್" ಎಂದು ಬರೆದಿರುತ್ತದೆ. ಸೂಪರ್‌ಮಾರ್ಕೆಟ್ ಬಂಕುಗಳಲ್ಲಿ ಅಗ್ಗ, ಹೆದ್ದಾರಿಯಲ್ಲಿ ದುಬಾರಿ. 100 ಕಿ.ಮೀ.ಗೆ 9ರಿಂದ 12 ಲೀಟರ್ ಲೆಕ್ಕ. ಜನರಿಲ್ಲದ ಬಂಕಿನ ಯಂತ್ರ ಮೊದಲು 100-150 ಯೂರೋ ತಡೆಹಿಡಿದು, ಆಮೇಲೆ ನಿಜವಾದ ಮೊತ್ತ ಕಳೆಯುತ್ತದೆ. ಪಿನ್ ಇರುವ ಎರಡು ಕಾರ್ಡ್ ಇಟ್ಟುಕೊಳ್ಳಿ. ನೀಲಿ ಮುಚ್ಚಳದ ಬಾಯಿ ಆ್ಯಡ್‌ಬ್ಲೂಗೆ, ಅಂದರೆ ಡೀಸೆಲ್ ಹೊಗೆ ಶುದ್ಧ ಮಾಡುವ ದ್ರವಕ್ಕೆ. ಅದನ್ನು ಡೀಸೆಲ್ ಟ್ಯಾಂಕಿಗೆ ಸುರಿದರೆ ಎಂಜಿನ್ ಚಾಲೂ ಮಾಡದೆ ಅಲ್ಲೇ ನಿಲ್ಲಿಸಿ ಸಹಾಯಕ್ಕೆ ಕರೆಯಿರಿ. ಟೋಲಿನಲ್ಲಿ 2ರಿಂದ 3 ಮೀಟರ್ ಎತ್ತರದ, 3.5 ಟನ್ ಒಳಗಿನ ಗಾಡಿ ಎರಡನೇ ವರ್ಗ; 3 ಮೀಟರ್ ತಲುಪಿದರೆ ಮೂರನೇ ವರ್ಗ, ದರ ಹೆಚ್ಚು. ಈ ಸುತ್ತಿನಲ್ಲಿ ಟೋಲ್ ರಸ್ತೆ ಹತ್ತುವ ಅಗತ್ಯವೇ ಬರುವುದಿಲ್ಲ. ತುರ್ತಿಗೆ 112.

ಗಾಡಿ ಒಪ್ಪಿಸುವುದು

ಹಿಂದಿನ ರಾತ್ರಿ ತುಲೂಸ್‌ನಿಂದ ಒಂದು ಗಂಟೆಯೊಳಗಿನ ಕ್ಯಾಂಪಿಂಗ್‌ನಲ್ಲಿರಿ. ಅಲ್ಲೇ ಫ್ರಿಜ್ ಖಾಲಿ ಮಾಡಿ, ಒಳಗೆ ಗುಡಿಸಿ ಒರೆಸಿ, ಎರಡೂ ಕೊಳೆ ಟ್ಯಾಂಕ್ ಸುರಿದು ತೊಳೆಯಿರಿ. ಕ್ಯಾಸೆಟ್ ತೊಳೆಯದೆ ಕೊಟ್ಟರೆ ಹಾಕುವ ದಂಡ ಒಂದು ವಾರದ ಕ್ಯಾಂಪಿಂಗ್ ಖರ್ಚಿಗೆ ಸಮವಾಗುವುದುಂಟು. ಬೆಳಗ್ಗೆ ಕಚೇರಿಗೆ ಹತ್ತಿರದ ಬಂಕಿನಲ್ಲಿ ಡೀಸೆಲ್ ತುಂಬಿ ರಸೀದಿ ಇಟ್ಟುಕೊಳ್ಳಿ. ಮೊದಲ ದಿನದ ವಿಡಿಯೋ ಹಿಡಿದು ಅದೇ ಕ್ರಮದಲ್ಲಿ ಗಾಡಿ ಸುತ್ತಿ, ಠೇವಣಿ ಎಷ್ಟು ದಿನದಲ್ಲಿ ಬಿಡುಗಡೆಯಾಗುತ್ತದೆಂದು ಬರೆಸಿಕೊಂಡ ಮೇಲೆಯೇ ಕೀಲಿ ಕೊಡಿ. ವೇಗದ ಕ್ಯಾಮೆರಾ ಹಿಡಿದಿದ್ದರೆ ದಂಡದ ಕಾಗದ ವಾರಗಳ ನಂತರ ಬಾಡಿಗೆಯವರ ಮೂಲಕ ಬರುತ್ತದೆ. ಠೇವಣಿಗೆ ಕೊಟ್ಟ ಕಾರ್ಡನ್ನು ಮೂರು ತಿಂಗಳು ರದ್ದು ಮಾಡಬೇಡಿ.